ತಲಿ ತಿರುಗಿಸೂದ ನನ್ನ ನೌಕರಿ

ಬೆಳಗಾವ್ಯಾಗ ಒಂದ ದವಾಖಾನಿಯೊಳಗ ತಲಿ ತಿರುಗೂ ಮಂದಿನ್ನ ತಪಾಸಣೆ ಮಾಡೂದು ನನ್ನ ಕೆಲಸ. ದೋಷ ಕಿವಿಯೊಳಗ ಐತೇನು ಅಂತ ತಿಳೀಬೇಕಂದ್ರ ಮತ್ತೊಮ್ಮೆ ತಿರುಗಿಸಿ ನೋಡಬೇಕು. ಆರಾಮ ಆದವರು ಡಾಕ್ಟರಿಗೆ ಕೈ ಮುಗೀತಾರ, ನನ್ನ ಕಂಡ್ರ ದಾರಿ ಬದಲಸ್ತಾರ. ಒಂದ ದಿನಾನೂ ಸುಮ್ಮನ ಹೋಗೂದಿಲ್ಲ ನೋಡ್ರಿ. ಅದರಾಗ ಈ ಸಲ ಬಂದವರು, ದಿನಾ ಸಂಜಿಗೆ ನಾನ ಖಾನಾಪುರದ ಮನಿಗೆ ಹೋಗೂ ಬಸ್ಸಿನ ಡ್ರೈವರ್!

೧. ಕಾಯಿಪಲ್ಲೆ

ಕ್ಯಾಮೆರಾ ಇರೂ ದಪ್ಪ ಕನ್ನಡಕ ಹಾಕಿ, ಕಿವ್ಯಾಗ ಬಿಸಿ ನೀರು, ತಣ್ಣೀರು ಬಿಡ್ತೀವಿ. ತಲಿ ಗರಗರ ತಿರುಗಿ ಕಣ್ಣು ಓಡ್ಯಾಡತಾವ. ಆವಾಗ ಮನಸ್ಸು ಬ್ಯಾರೆ ಕಡೆ ಇರಬೇಕು, ಇಲ್ಲಂದ್ರ ಕಣ್ಣಾಟ ನಿಂತಬಿಡತೈತಿ. ಅದಕ್ಕ ನಾ, "ಕಾಯಿಪಲ್ಲೆ ಹೆಸರ ಹೇಳ್ರಿ" ಅಂತೀನಿ.

ಟಿಳಕವಾಡಿಯ ಒಬ್ಬ ಅಜ್ಜಿ, "ಬದನಿಕಾಯಿ. ನಿನ್ನಿ ಸೊಸಿ ಮಾಡಿದ್ಲು, ಉಪ್ಪ ಇರಲಿಲ್ಲ" ಅಂದ್ರು.

"ಮುಂದ?"

"ಬೆಂಡಿಕಾಯಿ. ಲೋಳಿ ಹೋಗಿರಲಿಲ್ಲ."

ಕಣ್ಣಾಟ ಭಾಳ ಛಲೋ ಬಂತು. ಬಾಜು ಕುಂತ ಸೊಸಿ ಎದ್ದು ನಿಂತು, "ಇನ್ನೊಂದ ಕಿವಿಗೆ ನನ್ನ ಗಂಡನ್ನ ಕರೀತೀನ್ರಿ, ನಾ ಹೊರಗ ಕುಂದರ್ತೀನಿ" ಅಂದ್ಲು.

೨. ಗುಳಿಗಿ

ಡ್ರೈವರ್ ಅಣ್ಣಾರಿಗೆ ವಾರದಿಂದ ಹಾಸಗಿ ಬಿಟ್ಟು ಏಳೂಮುಂದ ತಲಿ ತಿರುಗತಿತ್ತು. ಡಿಪೋದವರು ಗಾಡಿ ಕೊಡೂದು ನಿಲ್ಲಿಸಿದ್ರು. ಆರಾಮ ಆಗೇತಿ ಅಂತ ಕಾಗದ ತರದಿದ್ರ ಕಾಯಂ ಡಿಪೋದಾಗ ಕುಂದರಬೇಕು. "ಸ್ಟೇರಿಂಗ್ ಬಿಟ್ರ ನಂಗ ಬ್ಯಾರೆ ಏನೂ ಬರೂದಿಲ್ರಿ ಅಕ್ಕಾರ" ಅಂದಾಗ ನಂಗ ಕೆಟ್ಟ ಅನಿಸ್ತು.

ತಲಿ ತಿರುಗೂದಕ್ಕ ತಗೊಳ್ಳೂ ಗುಳಿಗಿ ಎರಡ ದಿನ ಬಿಟ್ಟ ಬರ್ರಿ ಅಂತ ಚೀಟಿ ಬರದು ಕೊಟ್ಟಿದ್ದೆ. ಪುಣ್ಯಾತ್ಮ ಪಾಸಾಗಬೇಕಂತ ಒಂದರ ಬದಲಿ ಎರಡ ನುಂಗಿ ಬಂದಿದ್ರು! ಗುಳಿಗಿ ಜೋರಿಗೆ, ಕಿವ್ಯಾಗ ನೀರ ಬಿಟ್ಟು ಕಾಯಿಪಲ್ಲೆ ಹೆಸರ ಹೇಳಿಸಿದ್ರೂ ಕಣ್ಣ ಅಲುಗವಲ್ಲವು.

"ನೋಡ್ರಿ, ಹೆಂಗ ಗಟ್ಟಿ ಅದೀನಿ!"

"ಅಣ್ಣಾರ, ಇದರಾಗ ಎಲ್ಲಾರಿಗೂ ತಿರುಗಬೇಕ್ರಿ. ತಿರುಗಿದ್ರನ ಪಾಸ್."

ಅವರು ಹಣಿ ಬಡಕೊಂಡ್ರು. "ಮೊದಲ ಹೇಳೂದಲ್ರಿ! ಮನಿಯಾಗ ದಿನಾ ಪಾಸ್ ಆಗತಿದ್ದೆ!"

೩. ಬ್ರೇಕ್

ಗುಳಿಗಿ ಬಿಟ್ಟು ಮತ್ತ ಬಂದ್ರು, ಕಂಡಕ್ಟರನ ಹೆಗಲ ಹಿಡಕೊಂಡು. ಕುತ್ತಿಗಿ ಬಲಕ್ಕ ಹೊಳ್ಳಿಸಿ ಮಂಚದ ಮ್ಯಾಲೆ ಝಟ್ಟನ ಮಲಗಿಸಿದೆ. ಕಣ್ಣು ಗರಗರ ತಿರುಗಿದ್ವು. ಅಣ್ಣಾರು ನನ್ನ ತೋಳ ಹಿಡಿದು ಸ್ಟೇರಿಂಗ್ ತಿರುವಿದಂಗ ತಿರುವಿ, ಬಲಗಾಲಲೆ ಜೋರ ಬ್ರೇಕ್ ಒತ್ತಿದ್ರು. ಕಾಲಿಗೆ ಸಿಕ್ಕಿದ್ದು ಎದುರಿಗೆ ನಿಂತ ಕಂಡಕ್ಟರನ ಹೊಟ್ಟಿ.

"ಮಾಮಾ, ಗಾಡಿ ನಿಂತೈತಿ, ಕಾಲ ತಗೀರಿ!" ಅಂತ ಅಂವ ಒದರಿದ.

ಕಿವಿಯೊಳಗಿನ ಸಣ್ಣ ಹರಳು ಜಾಗಾ ಬಿಟ್ಟಿದ್ವು. ಡಾಕ್ಟರ್ ತಲಿ ಹೊಳ್ಳಿಸಿ ಹೊಳ್ಳಿಸಿ ಅವನ್ನ ತಿರುಗಿ ಕುಂಡರಿಸಿದ್ರು. ಮುಂದಿನ ವಾರ ಮತ್ತ ಹಂಗ ಮಲಗಿಸಿದ್ರ ಕಣ್ಣು ಅಲುಗಲಿಲ್ಲ; ಈ ತಪಾಸಣಿಯೊಳಗ ಅಲುಗದಿದ್ರನ ಪಾಸ್. ಕಾಗದ ಕೈಗೆ ಬಂದಾಗ ಅಣ್ಣಾರು ಅತ್ತಬಿಟ್ರು. ನಂಗೂ ಕಣ್ಣೀರ ಬಂತು. ಖರೇ ಹೇಳ್ತೀನಿ, ಅದರಾಗ ಅರ್ಧ ಹೆದರಿಕಿ. ಅವರ ಗಾಡ್ಯಾಗ ನಾನ ಕುಂದರಬೇಕಲ್ಲ!

೪. ನನ್ನ ತಪಾಸಣೆ

ಒಂದಿನ ಮಧ್ಯಾಹ್ನ ಉಣ್ಣಾಕ ಪುರಸೊತ್ತ ಸಿಗಲಿಲ್ಲ. ಸಂಜಿಗೆ ಹೆಣಾ ಆಗಿ ಡ್ರೈವರ್ ಹಿಂದಿನ ಸೀಟಿನ್ಯಾಗ ಬಿದ್ದೆ. ಬಸ್ಸು ದೇಸೂರ ದಾಟೂದ್ರಾಗ ಕಣ್ಣ ಮುಂದ ಎಲ್ಲಾ ತಿರುಗಾಕ ಹತ್ತಿತು. "ಅಯ್ಯೋ" ಅಂತ ಸೀಟಿನ ಕಂಬಿ ಹಿಡಕೊಂಡೆ.

ಅಣ್ಣಾರು ಕನ್ನಡ್ಯಾಗ ನೋಡಿದ ಕೂಡ್ಲೆ ಬಸ್ಸು ಬಾಜುಕ್ಕ ನಿಲ್ಲಿಸಿ, ಎದ್ದ ಬಂದ್ರು. "ಅಕ್ಕಾರ, ಕಣ್ಣ ಮುಚ್ಚಬ್ಯಾಡ್ರಿ! ಕಾಯಿಪಲ್ಲೆ ಹೆಸರ ಹೇಳ್ರಿ!"

"ಬದನಿ..." ಅಂದೆ.

ಇದ ಏನೋ ಔಷಧ ಅಂತ ತಿಳದು ಇಡೀ ಬಸ್ಸ ನೆರವಿಗೆ ಬಂತು. ನಂದಗಡದ ಒಬ್ಬ ಹೆಣ್ಮಗಳು "ಮೆಂತೆ!" ಅಂದ್ಲು. ಹಿಂದಿನ ಸೀಟಿನ ಮರಾಠಿ ಕಾಕಾ "ಕೋಬಿ, ಫ್ಲಾವರ್!" ಅಂದ್ರು. ಯಾರೋ ಚೀಲದಾಗಿನ ಸೌತಿಕಾಯಿ ತಗದು ಮುಖದ ಮುಂದ ಹಿಡಿದ್ರು. ಅದನ್ನ ಕಸಗೊಂಡು ತಿಂದೆ. ಅರ್ಧ ಸೌತಿಕಾಯಿ ಹೊಟ್ಟಿಗೆ ಹೋದ ಮ್ಯಾಲೆ ಜೀವಾ ಬಂತು.

ಅಣ್ಣಾರು ನನ್ನ ಕಣ್ಣಾಗ ಬಗ್ಗಿ ನೋಡಿದ್ರು. "ಖರೇ ತಿರುಗಿತೇನ್ರಿ?"

"ಹೌದ್ರಿ."

ಬಸ್ಸಿನ ಮಂದಿ ಕಡೆ ಹೊಳ್ಳಿ, "ಹೆದರಬ್ಯಾಡ್ರೀ," ಅಂತ ಒದರಿದ್ರು, "ಅಕ್ಕಾರು ಪಾಸ್!"