ಮೇಡಂ ಮೂಲೆಯಲ್ಲಿ ಕೂತಿದ್ದರು

ನನಗೆ ಮೌನ ಕಂಡರೆ ಆಗುವುದಿಲ್ಲ. ಎದುರಿಗಿದ್ದವರು ಒಂದು ಗಳಿಗೆ ಸುಮ್ಮನಾದರೆ ಸಾಕು, ನಾಲಿಗೆ ತುರಿಸತೊಡಗುತ್ತದೆ. ಇಂಥವನಿಗೆ ಸಿಕ್ಕಿದ್ದು ಗುಂಡ್ಲುಪೇಟೆಯ ಒಂದು ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕನ ಕೆಲಸ, ಅಂದರೆ ಇನ್ನೊಬ್ಬರ ಕಷ್ಟ ಕೇಳುವುದು. ಕೇಳುವುದಕ್ಕೆ ಸಂಬಳ ಕೊಡುತ್ತಿದ್ದರು. ಹೇಳುವುದನ್ನು ನಾನು ಪುಕ್ಕಟೆ ಮಾಡುತ್ತಿದ್ದೆ. ತಾಳ್ಮೆ, ಸಂಸಾರ, ಹೊಂದಾಣಿಕೆ ಎಂದು ಶುರು ಹಚ್ಚಿಕೊಂಡರೆ ಬಂದವರು ತಲೆಯಾಡಿಸಿ ಎದ್ದು ಹೋಗುವವರೆಗೆ ನಿಲ್ಲಿಸುತ್ತಿರಲಿಲ್ಲ. ತಲೆಯಾಡಿಸಿದರೆ ಒಪ್ಪಿದರು ಎಂದೇ ನನ್ನ ಲೆಕ್ಕ. ಮನೆಯಲ್ಲಿ ನನ್ನ ಹೆಂಡತಿಯೂ ತಲೆಯಾಡಿಸುತ್ತಾಳೆ. ಅವಳ ಕಣ್ಣು ಆಗ ಧಾರಾವಾಹಿಯ ಮೇಲಿರುತ್ತದೆ ಎಂಬುದನ್ನು ನಾನು ಅಷ್ಟಾಗಿ ಗಮನಿಸಿರಲಿಲ್ಲ.

ನಮ್ಮ ಮೇಲ್ವಿಚಾರಕಿ ನಾಗರತ್ನ ಮೇಡಂ ತಿಂಗಳಿಗೊಮ್ಮೆ ಚಾಮರಾಜನಗರದಿಂದ ಬರುತ್ತಿದ್ದರು. ಮೇಲ್ವಿಚಾರಣೆ ಎಂದರೆ ತಪಾಸಣೆ ಎಂದುಕೊಂಡು ಮೊದಲ ಸಲ ಬೀರು ಒರೆಸಿ, ಮೇಜಿಗೆ ಹೊಸ ಬಟ್ಟೆ ಹಾಸಿ, ಬೇಕರಿಯಿಂದ ಖಾರಾ ಬೂಂದಿ ತರಿಸಿದ್ದೆ. ಅವರು ಬೀರುವಿನ ಕಡೆ ನೋಡಲೇ ಇಲ್ಲ. ಹಿಂದಿನ ದಿನ ಬಂದು ಅತ್ತಿದ್ದ ಹೆಂಗಸೊಬ್ಬಳ ವಿಷಯ ಕೇಳಿಸಿಕೊಂಡು, "ಅವರು ಅಳುವಾಗ ನಿಮಗೆ ಏನಾಯ್ತು?" ಎಂದರು. "ನನಗೇನೂ ಆಗಿಲ್ಲ ಮೇಡಂ, ಆರೋಗ್ಯವಾಗಿದ್ದೀನಿ" ಎಂದೆ. ಮೇಡಂ ನಿಟ್ಟುಸಿರು ಬಿಟ್ಟು ಬೂಂದಿ ತಿಂದರು.

ಮುಂದೊಂದು ತಿಂಗಳು ಬಂದವರೇ, "ಇವತ್ತು ನಿಮ್ಮ ಕೆಲಸ ನೋಡ್ತೀನಿ. ಬಂದವರು ಮಾತಾಡೋವರೆಗೆ ನೀವು ಬಾಯಿ ಬಿಡಬಾರದು" ಎಂದು ಮೂಲೆಯ ಕುರ್ಚಿಯಲ್ಲಿ ಕೂತುಬಿಟ್ಟರು. ಬೇರೆ ಯಾವ ದಿನವಾದರೂ ಆಗಬಹುದಿತ್ತು. ಅವತ್ತು ಭೀಮನಬೀಡಿನ ಪುಟ್ಟಮಣಿ ಬರುವವಳಿದ್ದಳು. ಕೈ ಸುಟ್ಟು ಆಸ್ಪತ್ರೆ ಸೇರಿದ್ದವಳು. ಒಲೆ ತಾಕಿತು ಎನ್ನುತ್ತಿದ್ದಳು. ಗಾಯ ನೋಡಿದ ನರ್ಸ್ ಅದನ್ನು ನಂಬಿರಲಿಲ್ಲ. ಎರಡು ಸಲ ನನ್ನೆದುರು ಕೂತು, ತಲೆಯಾಡಿಸಿ ಹೋಗಿದ್ದಳು. ಅವತ್ತು ಡಿಸ್ಚಾರ್ಜು. ಅತ್ತೆ ಆಟೋ ನಿಲ್ಲಿಸಿಕೊಂಡು ಹೊರಗೆ ಕಾಯುತ್ತಿದ್ದಳು. ಈಗಲೂ ಬಾಯಿ ಬಿಡದಿದ್ದರೆ ಆ ಹುಡುಗಿ ಮತ್ತೆ ಅದೇ ಮನೆಗೆ ಹೋಗಬೇಕಿತ್ತು.

ಪುಟ್ಟಮಣಿ ಬಂದು ಕೂತಳು. ಮೇಡಂ ಎದ್ದು ಬಾಗಿಲು ಹಾಕಿ ಮತ್ತೆ ಕೂತರು. ನಾನೂ ಸುಮ್ಮನೆ, ಅವಳೂ ಸುಮ್ಮನೆ. ಹೈವೇಯಲ್ಲಿ ಈರುಳ್ಳಿ ಲಾರಿಗಳು ಹೋಗುತ್ತಲೇ ಇದ್ದವು. ತಾಳ್ಮೆಯ ಬಗ್ಗೆ ಒಂದು ಒಳ್ಳೆಯ ಮಾತು ತುಟಿಯವರೆಗೆ ಬಂತು. ಮೇಡಂ ಕೆಮ್ಮಿದರು, ನುಂಗಿಕೊಂಡೆ. "ಮುಗೀತಾ ಸಾರ್? ಬುದ್ದಿ ಯೋಳಿ ಕಳ್ಸಿ, ಆಟೋದವ್ನು ಕೂಗಾಡ್ತಾವ್ನ!" ಎಂದು ಹೊರಗಿನಿಂದ ಅತ್ತೆಯ ದನಿ ಬಂತು. ಪುಟ್ಟಮಣಿ ಸೆರಗು ಸರಿಮಾಡಿಕೊಂಡು ಎದ್ದಳು. ಕೈಗೆ ಸಿಕ್ಕವಳು ಹೋಗೇಬಿಟ್ಟಳಲ್ಲ ಎಂದುಕೊಂಡೆ. ಬಾಗಿಲವರೆಗೆ ಹೋದವಳು ತಿರುಗಿ ನನ್ನ ಮುಖ ನೋಡಿ ವಾಪಸು ಬಂದಳು.

"ಯಾಕ ಸಾರ್, ಇವತ್ತು ಬಾಯೇ ಬುಡ್ತಾ ಇಲ್ವಲ್ಲ? ಆವಮ್ಮ ಏನಾರ ಬೋದ್ರಾ?" ಎಂದು ಪಿಸುಗುಟ್ಟಿದಳು.

ನಾನು ತಲೆಯಾಡಿಸಿದೆ.

ಅವಳು ಮೇಡಮ್ಮಿಗೆ ಬೆನ್ನು ಹಾಕಿ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು. "ಎದರ್ಕಬ್ಯಾಡಿ ಸಾರ್. ಒಬ್ರು ನೋಡ್ತಾ ಕುಂತಿದ್ರ ಮಾತು ಗಂಟ್ಲಲ್ಲೇ ನಿಂತೋಯ್ತದ. ನಂಗೂ ಅಂಗೇ ಕಣಿ. ನಮ್ಮತ್ತ ಯಾವಾಗ್ಲೂ ಈ ಬಾಗ್ಲಲ್ಲೇ ಕುಂತಿರ್ತಿತ್ತಲ್ಲ" ಎಂದು ಸಮಾಧಾನ ಮಾಡಿದಳು. ಆಮೇಲೆ ತನ್ನ ಕೈಯನ್ನೇ ನೋಡಿಕೊಳ್ಳುತ್ತಾ, "ಇದು ಒಲ ತಾಕಿ ಸುಟ್ಟಿದ್ದಲ್ಲ ಸಾರ್. ನಾ ಆ ಮನಗ ಓಗಲ್ಲ. ಚಾಮ್ರಾಜನಗ್ರದಲ್ಲಿ ನಮ್ಮಕ್ಕ ಅವ್ಳ, ಅಲ್ಲಿಗ ಕಳ್ಸಿ" ಎಂದಳು.

ಮೇಡಂ ಹೊರಗೆ ಹೋಗಿ ಅತ್ತೆಯೊಂದಿಗೆ ಮಾತಾಡಿದರು. ಅದೇನು ಹೇಳಿದರೋ, ಆಟೋ ಅತ್ತೆಯೊಬ್ಬಳನ್ನೇ ಕೂರಿಸಿಕೊಂಡು ತಿರುಗಿತು. ಸಂಜೆಯ ಬಸ್ಸಿನಲ್ಲಿ ತಾವೇ ಹುಡುಗಿಯನ್ನು ಅಕ್ಕನ ಮನೆಗೆ ಕರೆದುಕೊಂಡು ಹೋದರು. ಹೊರಡುವ ಮುಂಚೆ, "ಎಷ್ಟು ಚೆನ್ನಾಗಿ ಸುಮ್ಮನಿದ್ರಿ! ಆಗ ನಿಮ್ಮೊಳಗೆ ಏನು ನಡೀತಿತ್ತು?" ಎಂದು ಕೇಳಿದರು. "ಭಯ ಮೇಡಂ. ನಿಮ್ಮ ಭಯ" ಎಂದೆ. ಅವರು ನಗಲಿಲ್ಲ. ಆರೋಗ್ಯವಾಗಿದ್ದೀನಿ ಎನ್ನುವುದಕ್ಕಿಂತ ಈ ಉತ್ತರ ವಾಸಿ ಎಂದರು.

ಮುಂದಿನ ತಿಂಗಳು ಪುಟ್ಟಮಣಿ ಅಕ್ಕನ ಜೊತೆ ಗಾಯ ತೋರಿಸಲು ಬಂದಳು. ಮುಖ ತಿಳಿಯಾಗಿತ್ತು. ನನ್ನ ಕೋಣೆಯೊಳಗೆ ಇಣುಕಿ ಮೂಲೆಯ ಕುರ್ಚಿ ನೋಡಿದಳು.

"ಆವಮ್ಮ ಬಂದಿಲ್ವಾ ಸಾರ್?"

"ಇಲ್ಲ ಕಣಮ್ಮ. ನಾನಿದ್ದೀನಲ್ಲ, ಬಾ, ಕೂತ್ಕೋ" ಎಂದು ಉತ್ಸಾಹದಿಂದ ಕರೆದೆ.

"ಬ್ಯಾಡ ಬುಡಿ. ಆವಮ್ಮ ಬಂದ ದಿನ ಬತ್ತೀನಿ" ಎಂದಳು. "ಅವ್ರಿದ್ರೇಯ ನೀವು ಚೆಂದಾಗಿ ಮಾತಾಡೋದು."