ಎರಡನೇ ವರ್ಷದ ಸಂಸ್ಕೃತ, ಚೌತಿಯ ಹಸಿವು

ಸಂಸ್ಕೃತ ಕಲಿತವರನ್ನು ಕಂಡರೆ ಜನರಿಗೆ ಗೌರವ. ಕಲಿತವರಿಗೆ ಮಾತ್ರ ಯಾರು ಎಲ್ಲಿ ಏನು ಕೇಳಿಬಿಡುತ್ತಾರೋ ಎಂಬ ಭಯ. ಕಾರವಾರದ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷಕ್ಕೂ ನಾನು ಸಂಸ್ಕೃತವನ್ನೇ ಇಟ್ಟುಕೊಂಡದ್ದು ದೇವಭಾಷೆಯ ಮೇಲಿನ ಪ್ರೀತಿಯಿಂದಲ್ಲ, ಉತ್ತರವನ್ನು ಕನ್ನಡದಲ್ಲಿ ಬರೆಯಬಹುದೆಂಬ ಏಕೈಕ ಕಾರಣಕ್ಕೆ. ನಮ್ಮೂರು ಭಾವಿಕೇರಿಯಿಂದ ಹೋಗುವಾಗ ಬಸ್ಸಿನಲ್ಲಿ ಜೋತುಬಿದ್ದು ಶ್ಲೋಕ ಉರು ಹೊಡೆಯುತ್ತಿದ್ದೆ. ಅರ್ಥವನ್ನು ಪರೀಕ್ಷೆಯ ಹಿಂದಿನ ದಿನ ಗೈಡಿನಲ್ಲಿ ನೋಡಿಕೊಂಡರಾಯಿತು ಎಂಬ ಧೈರ್ಯ. ಇದೊಂದೂ ಗೊತ್ತಿಲ್ಲದ ಆಯಿ, ಎಂದರೆ ನನ್ನಮ್ಮ, ನನ್ನನ್ನು ಅರ್ಧ ಭಟ್ಟನೆಂದೇ ನಂಬಿದ್ದಳು.

ಚೌತಿ ಬಂತು. ನಮ್ಮಲ್ಲಿ ಮನೆಮನೆಗೂ ಗಣಪತಿ, ಎಲ್ಲ ಗಣಪತಿಗಳಿಗೂ ಒಬ್ಬರೇ ಭಟ್ಟರು. ಅವರು ಬಂದು ಪೂಜೆ ಮುಗಿಸುವ ತನಕ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಅಂದು ಅಪ್ಪನಿಗೆ ಕೈಗಾ ಸ್ಥಾವರದಲ್ಲಿ ಮಧ್ಯಾಹ್ನದ ಪಾಳಿ. ಹಬ್ಬವೆಂದು ಕಂಪನಿ ಬಸ್ಸು ಕಾಯುವುದಿಲ್ಲ. ಅಪ್ಪ ಮಡಿಯುಟ್ಟು ಗಡಿಯಾರ ನೋಡುತ್ತಿದ್ದ, ಅಡಿಗೆಮನೆಯಿಂದ ಮೋದಕದ ಪರಿಮಳ ಬಂದು ಎಲ್ಲರನ್ನೂ ಕೊಲ್ಲುತ್ತಿತ್ತು. ಭಟ್ಟರು ಆಗಷ್ಟೇ ಕೊಂಡಿದ್ದ ಮೊಬೈಲು ವ್ಯಾಪ್ತಿ ಪ್ರದೇಶದ ಹೊರಗಿತ್ತು.

"ತಮಾ, ನೀ ಕಲಿತದ್ದನ್ನೇ ಹೇಳೋ. ನಿಮ್ಮಪ್ಪ ಹಸ್ದ ಹೊಟ್ಟೇಲೇ ಪಾಳಿಗೆ ಹೋಗ್ಬೇಕಾ?" ಎಂದಳು ಆಯಿ.

"ಅದು ಪೂಜೆದಲ್ಲ ಆಯಿ, ಪರೀಕ್ಷೆದು."

"ದೇವರಿಗೆ ಎಲ್ಲಾ ನಡೀತದ್ಯೋ."

ಕೂತೆ. ಗಂಟೆ ಬಾರಿಸಿದೆ. ಕಮಲ, ಚಂದ್ರ, ಬಳ್ಳಿ ಎಲ್ಲ ಬರುವ ಶ್ಲೋಕವೊಂದು ಬಾಯಿಗೆ ಬಂತು. ಇಷ್ಟೆಲ್ಲ ಇದ್ದ ಮೇಲೆ ದೇವರದ್ದೇ ಇರಬೇಕೆಂದು ರಾಗವಾಗಿ ಎಳೆದೆ. ಅಪ್ಪ ಭಕ್ತಿಯಿಂದ ಹೂ ಹಾಕಿದ. ಅಪ್ಪನ ಅಕ್ಕ, ನಮ್ಮ ಅತ್ತೆ, ಕಣ್ಣೊರೆಸಿಕೊಂಡಳು. ತಿರುಗಿ ನೋಡಿದರೆ ಬಾಗಿಲಲ್ಲಿ ಭಟ್ಟರು, ಶಲ್ಯದಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಬಂದು ಕೂತು ಗಡಿಬಿಡಿಯಲ್ಲಿ ಪೂಜೆ ಮುಗಿಸಿದರು. ಅಪ್ಪ ನಾಲ್ಕು ತುತ್ತು ಉಂಡು ಬಸ್ಸಿಗೆ ಓಡಿದ.

"ಭಟ್ರೇ, ನೀವ್ ಹೇಳೂದೂ ಚಲೋನೇ. ಆದ್ರೆ ನಮ್ಮ ತಮ ಹೇಳಿದ್ದು ಮನಸಿಗೆ ತಾಗ್ತು ನೋಡಿ" ಎಂದಳು ಅತ್ತೆ. ನಾನು ಪೂರಿಯಂತೆ ಉಬ್ಬಿದೆ. ಅಷ್ಟರಲ್ಲಿ ಪಕ್ಕದ ಮನೆಯ ನಾಗಮ್ಮಕ್ಕ ಬಂದು, ಭಟ್ಟರು ಇನ್ನು ಬೊಬ್ರುವಾಡದ ಮನೆಗಳನ್ನೆಲ್ಲ ಮುಗಿಸಿ ಬರುವ ತನಕ ಕಾಯಲಾರೆವು, ನಮ್ಮ ಪೂಜೆ ತಮನೇ ಮಾಡಲಿ ಎಂದಳು. ನಾನಾಗಲೇ ಶಲ್ಯ ಹೊದ್ದಾಗಿತ್ತು.

ಭಟ್ಟರು ನನ್ನನ್ನು ಜಗಲಿಯ ಮೂಲೆಗೆ ಕರೆದರು. "ಹೋಗೂದಾದ್ರೆ ಹೋಗು ಮಾರಾಯಾ. ಆದ್ರೆ ಅವ್ರ ಮನೇಲಿ ಮದುವೆ ವಯಸ್ಸಿಗೆ ಬಂದ ಹುಡುಗಿ ಇದ್ದಾಳೆ. ಆ ಶ್ಲೋಕ ಅಲ್ಲಿ ಬೇಡ."

"ಯಾಕೆ ಭಟ್ರೇ?" ಎಂದೆ, ನಿಜವಾಗಿಯೂ ತಿಳಿಯದೆ.

ಭಟ್ಟರು ನನ್ನನ್ನು ಕನಿಕರದಿಂದ ನೋಡಿದರು. "ಅದು ಒಬ್ಬ ರಾಜ ತನ್ನ ಹುಡುಗಿಯ ಬಳ್ಳಿಯಂಥ ಸೊಂಟ ಹೊಗಳಿದ್ದೋ. ನಿಮ್ಮ ಗಣಪತಿ ಹೊಟ್ಟೆನಾದ್ರೂ ಒಂದ್ಸಲ ನೋಡ್ಬೇಕಿತ್ತು."

ಆಮೇಲೆ ಪದ ಪದ ಬಿಡಿಸಿ ಅರ್ಥ ಹೇಳಿದರು. ಎರಡು ವರ್ಷದಲ್ಲಿ ನಾನು ಗಮನವಿಟ್ಟು ಕೇಳಿದ ಮೊದಲ ಸಂಸ್ಕೃತ ಪಾಠ ಅದು.