ಆಫ್ರಿಕಾದ ಡೋಲು, ಕಾಕಾನ ಮೆರವಣಿಗೆ

ಮದುವೆಗಳಿಂದ ತಪ್ಪಿಸಿಕೊಳ್ಳುವುದೂ ಒಂದು ಕಲೆ. ಆ ಕಲೆಯಲ್ಲಿ ನಾನು ತಕ್ಕಮಟ್ಟಿಗೆ ಹೆಸರು ಮಾಡಿದ್ದೆ. ಸೊಂಟನೋವು, ಪೇಪರ್ ತಿದ್ದುವುದು, ಚುನಾವಣಾ ತರಬೇತಿ, ನನ್ನ ಬತ್ತಳಿಕೆಯಲ್ಲಿ ಬಾಣಗಳಿಗೆ ಬರವಿರಲಿಲ್ಲ. ಆದರೆ ನನ್ನ ಹೆಂಡತಿ ಸುವರ್ಣಾಳ ಚಿಕ್ಕಪ್ಪ, ನಮ್ಮೆಲ್ಲರ ಕಾಕಾ, ತಮ್ಮ ಮಗ ಶರಣುವಿನ ಮದುವೆ ಗೊತ್ತುಮಾಡಿದಾಗ ಯಾವ ಬಾಣವೂ ನಾಟುವಂತೆ ಕಾಣಲಿಲ್ಲ.

ಕಾಕಾನ ಮನೆಯ ಮದುವೆಗೆ ಒಂದು ಕಾನೂನಿದೆ. ಮದುಮಗನನ್ನು ಹನುಮಪ್ಪನ ಗುಡಿಗೆ ಕರೆದೊಯ್ಯುವ ಮೆರವಣಿಗೆಯಲ್ಲಿ ಮನೆಯ ಅಳಿಯಂದಿರು ಕುಣಿಯಲೇಬೇಕು. ನಾನು ಸೇಡಂನ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಹಿಂದೊಮ್ಮೆ ಕಾಕಾನ ಮಾತಿಗೆ ಕುಣಿದದ್ದನ್ನು ಹತ್ತನೇ ತರಗತಿಯ ಹುಡುಗರು ಮೊಬೈಲಿನಲ್ಲಿ ಹಿಡಿದಿದ್ದರು. ಆಮೇಲೆ ಬಹಳ ದಿನ, ನಾನು ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನಿಂದ ನಗು ಕೇಳುತ್ತಿತ್ತು.

ಅಷ್ಟರಲ್ಲಿ ದೇವರೇ ಕಳಿಸಿದಂತೆ ಊರಿಗೆ ಆಫ್ರಿಕಾ ಕಲಾ ಉತ್ಸವ ಬಂತು. ಸಂಗೀತ, ನೃತ್ಯ, ಸಿನಿಮಾ, ಎಲ್ಲವೂ ಉಚಿತ. ಅದೂ ಮದುವೆಯ ದಿನವೇ! ಓಡಿಹೋಗಿ ಉತ್ಸವ ಸಮಿತಿಯ ಅಧ್ಯಕ್ಷರ ಮುಂದೆ ನಿಂತೆ. ಅವರಿಗೆ ನನ್ನ ಅಗತ್ಯವಿರಲಿಲ್ಲ. ಕಾಡಿ ಬೇಡಿ ಒಂದು ಜವಾಬ್ದಾರಿ ಪಡೆದೆ. ಘಾನಾದಿಂದ ಬಂದ ಡೋಲಿನ ತಂಡವನ್ನು ಲಾಡ್ಜಿನಿಂದ ಮೈದಾನದ ಉದ್ಘಾಟನೆಗೆ ಮುಟ್ಟಿಸುವುದು. ಒಂದು ಬ್ಯಾಡ್ಜನ್ನೂ ಕೊಟ್ಟರು.

“ಚಿತ್ತಾಪುರದ ಮದುವಿಗಿ ಸೊಂಟನೋವು ಅಂದ್ರಿ, ವಾಡಿ ಮದುವಿಗಿ ಟ್ರೇನಿಂಗ್ ಅಂದ್ರಿ,” ಎಂದಳು ಸುವರ್ಣಾ. “ಈಗ ಆಫ್ರಿಕಾ ಅಂತೀರಿ. ನಿನಗ ಗಂಡ ಅದಾನೋ ಇಲ್ಲೋ ಅಂತ ಅಕ್ಕ-ತಂಗ್ಯಾರು ಚೇಷ್ಟಿ ಮಾಡ್ತಾರ. ಅವರ ಮುಂದ ನಾ ಹ್ಯಾಂಗ ಮಾರಿ ತೋರ್ಸಲಿ?”

“ಇದು ಊರಿನ ಮರ್ಯಾದಿ ಪ್ರಶ್ನೆ ಅದಾ. ಹೊರದೇಶದವರು ಬರಲಾಕತ್ತಾರ,” ಎಂದೆ, ಬ್ಯಾಡ್ಜನ್ನು ನೆಟ್ಟಗೆ ಮಾಡಿಕೊಳ್ಳುತ್ತ.

ಆಕೆ ಅತ್ತ ತಿರುಗಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳೇನೋ. ನಾನು ಆ ಕಡೆ ನೋಡದಂತೆ ಜಾಗ್ರತೆ ವಹಿಸಿದೆ.

ಕಾಕಾನ ಊರು ಚಿಂಚೋಳಿ. ಮದುವೆಯೂ ಅಲ್ಲೇ ಎಂದುಕೊಂಡಿದ್ದೆ. ಲಗ್ನಪತ್ರಿಕೆ ತೆರೆದು ನೋಡಲಿಲ್ಲ. ಹೋಗದ ಮದುವೆಯ ವಿಳಾಸ ಯಾರಿಗೆ ಬೇಕು?

ಆ ದಿನ ನಾನು ಏಳುವುದರೊಳಗೆ ಸುವರ್ಣಾ ಹೊರಟುಹೋಗಿದ್ದಳು. ನಾನು ತಲೆಗೆ ಎಣ್ಣೆ ಹಚ್ಚಿ, ಲಾಡ್ಜಿಗೆ ಹೋಗಿ, ತಂಡವನ್ನೂ ಡೋಲುಗಳನ್ನೂ ಒಂದೇ ಟಂಟಂ ಆಟೋದಲ್ಲಿ ತುಂಬಿದೆ. ತಂಡದ ನಾಯಕ ಕ್ವಾಮೆ, ಆರಡಿ ಆಳು, ಮೊಣಕಾಲನ್ನು ಗದ್ದಕ್ಕೆ ಆನಿಸಿಕೊಂಡು ನಗುತ್ತಲೇ ಕುಳಿತ. ಹತ್ತು ನಿಮಿಷದ ದಾರಿ. ಹನುಮಪ್ಪನ ಗುಡಿಯ ಹತ್ತಿರ ಟಂಟಂ ನಿಂತಿತು. ಮುಂದೆ ಯಾರದೋ ಮದುವೆಯ ಮೆರವಣಿಗೆ.

“ಕುದುರಿ ಮ್ಯಾಲ ಮದುಮಗ ಅದಾನ್ರಿ. ದಾಟಿ ಹೋಗಲಿಕ್ಕಿ ಬರಂಗಿಲ್ಲ,” ಎಂದ ಡ್ರೈವರ್, ಬೀಡಿ ಹಚ್ಚಿಕೊಂಡ.

ಹಲಗೆಯ ಸದ್ದು ಕೇಳಿದ್ದೇ ತಡ, ಕ್ವಾಮೆಯ ಬೆರಳು ಮೊಣಕಾಲಿನ ಮೇಲೆ ಕುಣಿಯತೊಡಗಿತು. ಎರಡೇ ನಿಮಿಷ ಬಾರಿಸಲೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಉತ್ಸವಕ್ಕೆ ಪ್ರಚಾರವೂ ಆದೀತು ಎಂದು ನಾನು ಉದಾರವಾಗಿ ಅಪ್ಪಣೆ ಕೊಟ್ಟೆ. ಅಷ್ಟೇ ಅಲ್ಲ, ‘ಪ್ರವೇಶ ಉಚಿತ, ಸರ್ವರಿಗೂ ಸ್ವಾಗತ’ ಎಂಬ ಕರಪತ್ರಗಳನ್ನು ಮೆರವಣಿಗೆಯ ಹಿಂದಿದ್ದವರಿಗೆಲ್ಲ, ಮುಖ ಕೂಡ ನೋಡದೆ, ಹಂಚಿದೆ. ಬುದ್ಧಿವಂತಿಕೆ ಅಂದರೆ ಇದು.

ಹಲಗೆಯವರು ಒಂದು ಪೆಟ್ಟು ಹಾಕಿದರೆ ಘಾನಾದವರು ಎರಡು ಹಾಕಿದರು. ಮಂದಿ ಕಟ್ಟೆ ಹತ್ತಿತು, ಮಾಳಿಗೆ ಹತ್ತಿತು. ಸುಳ್ಳೇಕೆ ಹೇಳಲಿ, ಅಂಥ ಸದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನನ್ನ ಕಾಲೂ ತಾನಾಗಿ ಅಲ್ಲಾಡುತ್ತಿತ್ತು. ಆಗ ಕುದುರೆಯ ಮೇಲಿನ ಮದುಮಗ ಮುಖದ ಮೇಲಿನ ಹೂವಿನ ಮಾಲೆ ಸರಿಸಿದ.

“ಭಾವಾ, ನೀವಾ?”

ಶರಣು! ಹೆಣ್ಣಿನವರು ಸೇಡಂನವರು, ಮದುವೆಯೂ ಇಲ್ಲೇ ಅಂತೆ. ಸುವರ್ಣಾ ನನಗೆ ಎಷ್ಟೋ ಸಲ ಹೇಳಿದ್ದಳಂತೆ.

ನಾನು ಟಂಟಂನ ಹಿಂದೆ ಅಡಗುವುದರೊಳಗೆ ಕಾಕಾ ಬಂದು ತಬ್ಬಿಕೊಂಡರು. “ಅಳಿಯಂದ್ರು ಬರಂಗಿಲ್ಲ ಅಂತ ಸುವರ್ಣಾ ಅಂದಿದ್ಳು. ಇದಾ ಏನ್ರಿ ನಿಮ್ಮ ಹಂಚಿಕಿ? ನನ್ನ ಮಗನ ಸಲುವಾಗಿ ಆಫ್ರಿಕಾದಿಂದ ಬಾಜಾ ತರ್ಸೀರಿ!” ಎಂದು ಕಣ್ಣೀರು ತಂದುಕೊಂಡರು. ಅಳುತ್ತಿದ್ದ ಮುದುಕನ ಮುಂದೆ ಸಮಿತಿ, ಉದ್ಘಾಟನೆ ಎಂದು ಹೇಗೆ ಹೇಳಲಿ? ನನ್ನ ತಲೆಗೆ ರುಮಾಲು ಸುತ್ತಿ ಮುಂದಕ್ಕೆ ತಳ್ಳಿದರು. ಕ್ವಾಮೆ ನನ್ನ ಕೈ ಹಿಡಿದುಕೊಂಡು ಒಂದು ಹೆಜ್ಜೆ ಕಲಿಸಿಕೊಟ್ಟ. ಕುಣಿದೆ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅಧ್ಯಕ್ಷರು.

“ಎಲ್ಲಿದ್ದೀರಿ ಸರ್? ನಾ ಸ್ವಾಗತ ಭಾಷಣ ಎರಡು ಸಲ ಮಾಡೀನಿ. ಈಗ ಸಿನಿಮಾ ಹಚ್ಚೀವಿ. ಬಿಸಲಾಗ ಏನೂ ಕಾಣಂಗಿಲ್ಲ, ಮಂದಿ ಬರೇ ಕೇಳಲಾಕತ್ತಾರ.”

“ದಾರ್ಯಾಗ ಇದ್ದೀವ್ರಿ,” ಎಂದೆ. ಸುಳ್ಳಲ್ಲ. ಯಾವ ದಾರಿ ಎಂದು ಅವರು ಕೇಳಲಿಲ್ಲ.

ಮೆರವಣಿಗೆ ಕಲ್ಯಾಣ ಮಂಟಪ ಮುಟ್ಟಿತು. ಬಾಗಿಲಲ್ಲಿ ಆರತಿ ತಟ್ಟೆ ಹಿಡಿದ ಹೆಂಗಸರ ನಡುವೆ ಸುವರ್ಣಾ. ನನ್ನ ರುಮಾಲು ನೋಡಿದಳು, ಬ್ಯಾಡ್ಜು ನೋಡಿದಳು, ಕಾಲು ನೋಡಿದಳು. ಆಕೆಗೆ ಎಲ್ಲ ಅರ್ಥವಾಯಿತು. ಒಂದೇ ಮಾತು ಸಾಕಿತ್ತು, ನನ್ನ ಮಾನ ಆರತಿಯ ಜೊತೆ ಉರಿದುಹೋಗುತ್ತಿತ್ತು.

ಆಕೆ ಅಕ್ಕ-ತಂಗಿಯರ ಕಡೆ ತಿರುಗಿದಳು. “ನೋಡಿದ್ರಲ್ಲಾ? ಒಂದು ತಿಂಗಳಿಂದ ತಯಾರಿ ಮಾಡಲಾಕತ್ತಿದ್ರು. ಯಾರಿಗೂ ಹೇಳಬ್ಯಾಡ ಅಂದಿದ್ರು, ಅದಕ್ಕ ಸುಮ್ಮನಿದ್ದೆ.”

ಆಕೆಯ ಮುಖದಲ್ಲಿದ್ದ ಹೆಮ್ಮೆ ನೋಡಿ ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಡೋಲಿನ ಸದ್ದಿನ ಜಾಡು ಹಿಡಿದು ಅಧ್ಯಕ್ಷರು ಕೆಂಡವಾಗಿ ಬಂದರು. ಅವರ ಹಿಂದೆ ಮೈದಾನದ ಮಂದಿಯೆಲ್ಲ, ಕೈಯಲ್ಲಿ ಅದೇ ಉತ್ಸವದ ಕರಪತ್ರ. ಸರ್ವರಿಗೂ ಸ್ವಾಗತ ಎಂದಿತ್ತಲ್ಲ! ಅಧ್ಯಕ್ಷರು ಬಾಯಿ ತೆರೆಯುವುದರೊಳಗೆ ಕಾಕಾ ಅವರಿಗೂ ರುಮಾಲು ಸುತ್ತಿ, ಊಟಕ್ಕೆ ಕೂಡಿಸಿ, ಹುಗ್ಗಿ ಬಡಿಸಿಬಿಟ್ಟರು. ಎರಡನೆಯ ಸಲ ತುಪ್ಪ ಹಾಕಿಸಿಕೊಂಡ ಮೇಲೆ ಅವರೇ ಉದ್ಘಾಟನೆಯನ್ನು ಸಂಜೆಗೆ ಮುಂದೂಡಿದರು.

ಸಂಜೆ ಎಲ್ಲ ಸುಸೂತ್ರ. ಮದುವೆಯ ಮಂದಿಯೂ ಬಂದು ಮೈದಾನ ತುಂಬಿತು. ಕತ್ತಲಾದ ಮೇಲೆ ಸಿನಿಮಾ ಕಾಣಿಸಿತು. ಸುವರ್ಣಾ ನನ್ನ ಪಕ್ಕದಲ್ಲೇ ಕುಳಿತು ನೋಡಿದಳು. ಸಿನಿಮಾ ಮುಗಿದ ಮೇಲೆ ಸುವರ್ಣಾಳ ಶಹಾಬಾದಿನ ಅಕ್ಕ ನನ್ನ ಹತ್ತಿರ ಬಂದಳು.

“ನಮ್ಮ ಮಗಳ ಮದುವಿಗಿ ನೀವು ಬರಲೇಬೇಕ್ರಿ.”

ನನ್ನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಆದರೆ ಸುವರ್ಣಾ ನನಗಿಂತ ಮುಂದಿದ್ದಳು.

“ಬರ್ತಾರ ಬಿಡು ಅಕ್ಕಾ. ಇವರಿಗಿ ಮದುವಿ ಅಂದ್ರ ಭಾಳ ಖುಷಿ. ಅದರಾಗ ಕುಣಿಯೋದು ಅಂದ್ರ ಕೇಳಬ್ಯಾಡ.”

ಶಹಾಬಾದಿನ ಮದುವೆ ಆಯಿತು, ಚಿತ್ತಾಪುರದಲ್ಲಿ ಇನ್ನೊಂದು ಆಯಿತು, ಮೊನ್ನೆ ವಾಡಿಯಲ್ಲೂ ಆಯಿತು. ಕ್ವಾಮೆ ಮತ್ತು ತಂಡದವರು ತಮ್ಮ ದೇಶಕ್ಕೆ ಹೋಗಿ ಬಹಳ ದಿನವಾಯಿತು. ಅವರು ಕಲಿಸಿದ ಹೆಜ್ಜೆ ಗೊತ್ತಿರುವವನು ಈ ಕಡೆ ನಾನೊಬ್ಬನೇ. ಹಲಗೆಯವರು ಬಾರಿಸಲು ಶುರುಮಾಡಿದರೆ ಸಾಕು, ಮಂದಿ ಸರಿದು ಜಾಗ ಮಾಡಿಕೊಡುತ್ತಾರೆ. ಮುಂದಿನ ಸಾಲಿನಲ್ಲಿ ಮೊಬೈಲು ಹಿಡಿದು ನಿಂತವರು ನನ್ನ ಹತ್ತನೇ ತರಗತಿಯ ಹುಡುಗರು.